ಜಪಾನಿಗೆ ಎತ್ತಿದ ಚೀಟಿ

ಹಲಗೂರಿನ ಕರಿಸಿದ್ದಯ್ಯನ ಚೀಟಿಯಲ್ಲಿ ಕಾಗದಕ್ಕಿಂತ ಬಾಯಿಗೆ ಬೆಲೆ ಹೆಚ್ಚು. ಇಪ್ಪತ್ತು ಜನ, ತಲೆಗೆ ಇನ್ನೂರು, ತಿಂಗಳಿಗೆ ನಾಲ್ಕು ಸಾವಿರ. ತಿಂಗಳ ಮೊದಲ ಭಾನುವಾರ ಅವನ ರೇಷ್ಮೆಹುಳದ ಮನೆಯ ಜಗಲಿಯಲ್ಲಿ ಎಲ್ಲರೂ ಸೇರುತ್ತಾರೆ. ಹಣ ಬೇಕಾದವರು ಅದರಲ್ಲಿ ಇಷ್ಟು ಬಿಟ್ಟುಕೊಡುತ್ತೇನೆ ಎಂದು ಕೂಗಬೇಕು. ಹೆಚ್ಚು ಬಿಟ್ಟವರಿಗೆ ಚೀಟಿ. ಬಿಟ್ಟ ಹಣ ಇಪ್ಪತ್ತು ಜನಕ್ಕೂ ಸಮನಾಗಿ ಹಂಚಿಕೆ. ಆದರೆ ಯಾರ ಮನೆಯಲ್ಲಾದರೂ ಮದುವೆಯೋ, ಆಸ್ಪತ್ರೆಯ ಖರ್ಚೋ, ಮಕ್ಕಳ ಓದೋ ಎದುರಾಗಿ, ಅದನ್ನು ಮೊದಲೇ ತಿಳಿಸಿದರೆ, ಆ ತಿಂಗಳು ಮಿಕ್ಕವರು ಕೂಗುವುದಿಲ್ಲ. ಬೇಕಾದವರು ಶಾಸ್ತ್ರಕ್ಕೆ ನೂರು ರೂಪಾಯಿ ಕೂಗುತ್ತಾರೆ, ಕರಿಸಿದ್ದಯ್ಯ ಮೂರು ಸಲ ಕೇಳುತ್ತಾನೆ, ಅಲ್ಲಿಗೆ ಮುಗಿಯಿತು. ಇದಕ್ಕೆ ಅಲ್ಲಿಯವರು ‘ಬಾಯಿ ಕಟ್ಟೋದು’ ಅನ್ನುತ್ತಾರೆ. ಕಟ್ಟಿದ ಬಾಯಿ ಬಿಚ್ಚಿದವರನ್ನು ಆ ಜಗಲಿ ಅದುವರೆಗೆ ಕಂಡಿರಲಿಲ್ಲ.

ಎಪ್ಪತ್ತೈದನೆಯ ಇಸವಿಯ ಫೆಬ್ರವರಿಯಲ್ಲಿ ಊರು ಬಾಯಿ ಕಟ್ಟಬೇಕಾಗಿದ್ದುದು ಅನ್ವಾರಾಳ ಸಲುವಾಗಿ.

ಅನ್ವಾರಾ ಬಾಂಗ್ಲಾದೇಶದ ರಾಜಶಾಹಿಯ ಕಡೆಯ ಹುಡುಗಿ. ಅವಳ ದೇಶ ಹುಟ್ಟಿ ಆಗಷ್ಟೇ ಮೂರು ವರ್ಷ ದಾಟಿತ್ತು. ನಮ್ಮ ಸರಕಾರದ ವಿದ್ಯಾರ್ಥಿವೇತನದ ಮೇಲೆ ಮೈಸೂರಿಗೆ ಬಂದು ರೇಷ್ಮೆ ಓದಿದಳು. ಹುಳ ಸಾಕುವವರ ಮನೆಗಳಲ್ಲಿ ಕಲಿಯಲಿ ಎಂದು ಮಳವಳ್ಳಿಗೆ ಕಳಿಸಿದರು. ಹುಳಕ್ಕೆ ತಗಲುವ ಗಂಟುರೋಗದ ಮೇಲೆ ಹೆಚ್ಚಿನ ಓದು ಓದಬೇಕೆಂಬುದು ಅವಳ ಆಸೆ. ಆ ಓದು ಇದ್ದದ್ದು ಜಪಾನಿನಲ್ಲಿ.

ಆಂಡಾಳ್ ಮಳವಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮಾಡಿದವಳು. ಗಂಡ ವೆಂಕಟೇಶಮೂರ್ತಿ ಮಂಡ್ಯದಲ್ಲಿ ಕೆಲಸದಲ್ಲಿದ್ದಾಗಲೇ ಕಾಮಾಲೆಯಾಗಿ ತೀರಿಕೊಂಡ. ಆಗ ಅವಳಿಗೆ ಇಪ್ಪತ್ತಾರು. ಅಣ್ಣ ವರದರಾಜ ಮಂಡ್ಯಕ್ಕೆ ಬಂದು, ಅವಳ ಟ್ರಂಕನ್ನು ತಾನೇ ಹೊತ್ತು, ಮಳವಳ್ಳಿಯ ತಾಯಿಯ ಮನೆಗೆ ಕರೆತಂದ. ಅತ್ತದ್ದೂ ಅವನೇ ಹೆಚ್ಚು. ಆಂಡಾಳ್‌ಗೆ ಅಳು ಬರಲಿಲ್ಲ. ಕೆಲಸ ಸಿಕ್ಕಿತು, ಹೋಗಿ ಬರುತ್ತಿದ್ದಳು. ಸಂಬಳವನ್ನು ಕವರಿನ ಸಮೇತ ಅಣ್ಣನ ಕೈಗೆ ಕೊಡುತ್ತಿದ್ದಳು. ಅವನು ಅದರಿಂದ ಚೀಟಿಗೂ ಬಸ್ಸಿಗೂ ಎಂದು ಎಣಿಸಿ ವಾಪಸು ಕೊಡುತ್ತಿದ್ದ. ಪೇಟೆಯಲ್ಲಿ ಅವನದು ನೋಟುಪುಸ್ತಕ, ಪೆನ್ಸಿಲು ಮಾರುವ ಅಂಗಡಿ.

ಇಬ್ಬರು ಹೆಂಗಸರ ಪರಿಚಯ ಒಂದು ಮೈಕ್ರೋಸ್ಕೋಪಿನಿಂದ ಆಯಿತು. ಅನ್ವಾರಾ ಸ್ಕೂಲಿನ ಮೈಕ್ರೋಸ್ಕೋಪನ್ನು ಕೇಳಿಕೊಂಡು ಬಂದಳು. ಶನಿವಾರ ಮಧ್ಯಾಹ್ನ ಇಬ್ಬರೂ ಕೂತು ರೇಷ್ಮೆಯ ಚಿಟ್ಟೆ ಅರೆದು ರೋಗ ಇದೆಯೇ ನೋಡುತ್ತಿದ್ದರು. ಆ ಹುಡುಗಿ ಕನ್ನಡ ಕಲಿತದ್ದು ಹುಳದ ಮನೆಗಳಲ್ಲಿ. “ಅಕ್ಕ, ನಾಳೆ ಯಲಿಯೂರ್ಗೆ ಓಯ್ತೀನಿ, ಬತ್ತೀಯಾ?” ಎಂದು ಗೌಡರ ಮನೆಯ ಸೊಸೆಯ ಹಾಗೆ ಕೇಳುತ್ತಿದ್ದಳು. ಹೋಗುತ್ತೀನಿ ಅನ್ನಬೇಕು ಎಂದು ಆಂಡಾಳ್ ತಿದ್ದಿ ತಿದ್ದಿ ಬಿಟ್ಟುಬಿಟ್ಟಳು. ಗಂಡ ಹೋದ ಮೇಲೆ ಆಂಡಾಳ್ ಮೊದಲು ನಕ್ಕದ್ದು ಆ ಕನ್ನಡಕ್ಕೆ.

ಜಪಾನಿನ ಯೋಜನೆಯನ್ನು ಇಬ್ಬರೂ ಸೇರಿಯೇ ಕಟ್ಟಿದರು. ಅಲ್ಲಿನ ಪ್ರೊಫೆಸರರಿಗೆ ಇಂಗ್ಲಿಷಿನಲ್ಲಿ ಬರೆದದ್ದು ಆಂಡಾಳ್. ನಾಲ್ಕು ತಿಂಗಳಿಗೆ ಉತ್ತರ ಬಂತು. ಓದಿನ ವರ್ಷ ಏಪ್ರಿಲ್‌ನಲ್ಲಿ ಶುರು. ಶುಲ್ಕ ಮಾಫಿಗೆ ತಾನು ಶಿಫಾರಸು ಮಾಡುತ್ತೇನೆ, ಸರಕಾರಕ್ಕೆ ತಾನೇ ಹೊಣೆ ಬರೆದುಕೊಡುತ್ತೇನೆ, ಊಟ ವಸತಿಗೆ ಪ್ರಯೋಗಾಲಯದಲ್ಲಿ ಕೆಲಸ ಕೊಡುತ್ತೇನೆ ಎಂದು ಆ ಪುಣ್ಯಾತ್ಮ ಒಪ್ಪಿದ್ದ. ಅಲ್ಲಿಗೆ ತಲುಪುವುದು ಮಾತ್ರ ಅವಳ ಪಾಡು. ಕಲ್ಕತ್ತೆಯ ತನಕ ರೈಲು, ಅಲ್ಲಿಂದ ವಿಮಾನ. ಬೆಚ್ಚನೆಯ ಒಂದು ಕೋಟು. ಎಲ್ಲ ಸೇರಿ ಮೂರು ಸಾವಿರದ ಮುನ್ನೂರಕ್ಕೆ ಕಡಿಮೆ ಇಲ್ಲ. ಮಾರ್ಚ್ ಮುಗಿಯುವುದರೊಳಗೆ ಅಲ್ಲಿರಬೇಕು. ಇಲ್ಲದಿದ್ದರೆ ಆ ಜಾಗ ಬೇರೆಯವರಿಗೆ. ಊರಿನಿಂದ ತರಿಸುವ ಮಾತೇ ಇರಲಿಲ್ಲ. ಹಿಂದಿನ ವರ್ಷ ಅವಳ ದೇಶದಲ್ಲಿ ಜನ ಗಂಜಿಗಾಗಿ ಸಾಲು ನಿಂತಿದ್ದರು; ತಂದೆ ಮೇಷ್ಟರು, ಆರು ಮಕ್ಕಳು.

ಅದಕ್ಕೇ ಚೀಟಿ. ಟಿಕೆಟ್ಟಿಗೂ ವೀಸಾಕ್ಕೂ ಒಂದು ತಿಂಗಳಾದರೂ ಹಿಡಿಯುತ್ತದೆ, ಹಾಗಾಗಿ ಫೆಬ್ರವರಿಯದೇ ಆಗಬೇಕು. ಪರದೇಶದವಳ ಹೆಸರು ಕರಿಸಿದ್ದಯ್ಯ ಬರೆದುಕೊಳ್ಳಲಾರ. ಹಾಗಾಗಿ ಚೀಟಿ ಆಂಡಾಳ್ ಹೆಸರಿನಲ್ಲಿ, ತಿಂಗಳ ಕಂತು ಅರ್ಧ ಅರ್ಧ. ಎತ್ತಿದ ಮೇಲೂ ಎಂಟು ತಿಂಗಳು ಕಟ್ಟುವುದಿತ್ತು. ಅದನ್ನು ಆಂಡಾಳ್ ಪೂರ್ತಿ ಕಟ್ಟುವುದು, ಅನ್ವಾರಾ ಜಪಾನಿನಿಂದ ಸ್ವಲ್ಪ ಸ್ವಲ್ಪವಾಗಿ ಕಳಿಸುವುದು ಎಂದು ಮಾತಾಯಿತು.

ಈ ಮಾತನ್ನು ಆಂಡಾಳ್ ಮನೆಯಲ್ಲಿ ಬಚ್ಚಿಡಲಿಲ್ಲ. ತಮ್ಮ ಜಗಲಿಯ ಮೇಲೆ ಎಲ್ಲರ ಮುಂದೆ ಹೇಳಿದಳು. ತಾಯಿ ಗೋದಮ್ಮ ಅನ್ವಾರಾಳಿಗೆಂದೇ ಇಟ್ಟಿದ್ದ ಗಾಜಿನ ಲೋಟದಲ್ಲಿ ಕಾಫಿ ತಂದಿಟ್ಟು, “ಅಷ್ಟು ದೂರ ಒಬ್ಬಳೇ ಹೋಗ್ತಾಳಾ?” ಎಂದರು.

“ಹೋಗ್ಲಿ ಬಿಡಮ್ಮ,” ಎಂದ ವರದರಾಜ. “ನಮ್ಮ ಮನೆಯಿಂದ ಒಬ್ಬಳು ಜಪಾನಿಗೆ ಹೋದ ಹಾಗಾಯ್ತು. ಆಂಡಾಳ್, ನೀನು ಹೆಂಗಸು, ಚೀಟಿಯವರ ಮನೆಮನೆಗೆ ಎಲ್ಲಿ ಹೋಗ್ತೀಯ? ನಾನು ಹೋಗಿ ಎಲ್ಲರ ಬಾಯಿ ಕಟ್ಟಿಸಿ ಬರ್ತೀನಿ.”

ಮಾತಿಗೆ ತಕ್ಕ ಹಾಗೆ ಹೋದ. ಜನವರಿಯ ಬಿಸಿಲಿನಲ್ಲಿ ಸೈಕಲ್ ತುಳಿದು ಹಲಗೂರಿನ ಸುತ್ತಿನ ಊರುಗಳನ್ನೆಲ್ಲ ತಿರುಗಿದ. ಅವನೂ ಆ ಚೀಟಿಯಲ್ಲಿದ್ದ, ತನ್ನ ಹೆಸರಿನಲ್ಲೇ ಬೇರೆ ಪಾಲು. ಬಂದು ಕಾಲು ತೊಳೆಯುತ್ತಾ, “ಎಲ್ಲಾ ಒಪ್ಪಿದಾರೆ. ಯಾವುದಕ್ಕೂ ಬಗ್ಗದ ಆ ಮುದ್ದಯ್ಯನೂ ಒಪ್ಪಿದ,” ಎಂದ. ಅಂದು ಆಂಡಾಳ್ ಅಣ್ಣನಿಗೆ ತಾನೇ ಎಲೆ ಹಾಕಿ ಬಡಿಸಿದಳು.

ಆ ಭಾನುವಾರ ಜಗಲಿ ತುಂಬಿತ್ತು. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಂಕಿಗಳನ್ನು ಗೋಡೆಗೆ ಒರಗಿಸಿ ಜಾಗ ಮಾಡಿದ್ದರು. ಅನ್ವಾರಾ ಹಸಿರು ಅಂಚಿನ ಸೀರೆ ಉಟ್ಟು ಆಂಡಾಳ್ ಪಕ್ಕದಲ್ಲಿ ಕೂತಿದ್ದಳು. ಹಿಪ್ಪುನೇರಳೆ ಸೊಪ್ಪಿನ ವ್ಯಾಪಾರದ ಚಿಕ್ಕಮಾದಮ್ಮ ಅವಳ ಗಲ್ಲ ಮುಟ್ಟಿ, “ಏನವ್ವಾ, ಇಮಾನ ಅತ್ತೀಯಾ? ಮೇಲಿಂದ ನಮ್ಮೂರು ಕಂಡ್ರೆ ಕೈ ಬೀಸು,” ಎಂದಳು.

“ಕಂಡ್ರೆ ಕೂಗ್ತೀನಿ ಕಣವ್ವ,” ಎಂದಳು ಅನ್ವಾರಾ. ಎಲ್ಲರೂ ನಕ್ಕರು.

ಕರಿಸಿದ್ದಯ್ಯ ಟವೆಲ್ಲು ಕೊಡವಿ ಕೂತ. “ಈ ತಿಂಗ್ಳು ಟೀಚ್ರಮ್ಮಂದು. ಎಲ್ರಿಗೂ ಗೊತ್ತದೆ. ಕೂಗ್ರವ್ವ.”

“ನೂರು,” ಎಂದಳು ಆಂಡಾಳ್.

“ನೂರು ಒಂದ್ಸಲ. ನೂರು ಎಲ್ಡ್ ಸಲ—”

“ಇನ್ನೂರು.”

ದನಿ ಕಂಬದ ಹಿಂದಿನಿಂದ ಬಂತು. ಎಲ್ಲರೂ ತಿರುಗಿದರು. ವರದರಾಜ ಬೀದಿಯ ಕಡೆ ನೋಡುತ್ತಾ ಕೈಗಡಿಯಾರದ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದ. ಅಣ್ಣ ತಮಾಷೆ ಮಾಡುತ್ತಿದ್ದಾನೆ ಎಂದು ಆಂಡಾಳ್‌ಗೆ ಅನ್ನಿಸಿತು. ಚಿಕ್ಕವಳಿದ್ದಾಗ ಅವಳ ತಟ್ಟೆಯ ಹಪ್ಪಳವನ್ನು ಹೀಗೇ ಬೇರೆ ಕಡೆ ನೋಡುತ್ತಾ ಎತ್ತುತ್ತಿದ್ದ.

“ಮುನ್ನೂರು,” ಎಂದಳು, ಅರ್ಧ ನಗುತ್ತಾ.

“ನಾನೂರು.”

“ಐನೂರು.” ಈಗ ನಗು ಇರಲಿಲ್ಲ.

“ಐನೂರೈವತ್ತು.”

ಅವಳಿಗೆ ಲೆಕ್ಕ ಬಾಯಿಪಾಠವಾಗಿತ್ತು. ಆರುನೂರು ಬಿಟ್ಟರೆ ಟಿಕೆಟ್ಟು, ಕೋಟು, ರೈಲು, ದಾರಿಯ ಕೈಖರ್ಚು. ಅದರಾಚೆಗೆ ಕೈಯಲ್ಲಿ ಏನೂ ಉಳಿಯದು. “ಆರುನೂರು,” ಎಂದಳು.

“ಏಳುನೂರು.”

ಆಂಡಾಳ್ ಬಾಯಿ ಮುಚ್ಚಿದಳು. ಕರಿಸಿದ್ದಯ್ಯ ತನ್ನ ಆಯಸ್ಸಿನಲ್ಲೇ ಅಷ್ಟು ನಿಧಾನವಾಗಿ ಎಣಿಸಿರಲಾರ. ಒಂದು ಸಲ ಅಂದು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ, ಎರಡು ಸಲ ಅಂದು ಉಗುಳಲು ಎದ್ದುಹೋಗಿ ಬಂದ. ಯಾರೂ ಕೂಗಲಿಲ್ಲ. ಕೂಗುವವರ ಬಾಯಿಗಳನ್ನೆಲ್ಲ ವರದರಾಜನೇ ಸೈಕಲ್ಲಿನಲ್ಲಿ ಹೋಗಿ ಕಟ್ಟಿ ಬಂದಿದ್ದ.

ಮೂರು ಸಲ ಆದ ಮೇಲೆ ಮುದ್ದಯ್ಯ ತಡೆಯಲಾರದೆ ಕೇಳಿದ: “ಏನ್ ಅಯ್ನೋರೆ, ನಮ್ಮಟ್ಟಿಗೆ ಬಂದು ಬಾಯ್ ಕಟ್ರಪ್ಪ ಅಂದೋರು ನೀವೇ ಅಲ್ವರಾ?”

“ಅಂದೆ. ನಿಮ್ಮ ಬಾಯಿ ಕಟ್ಟಿ ಅಂದೆ. ನನ್ನದೂ ಕಟ್ಟಿದೀನಿ ಅಂದೆನಾ?”

ಹಿಂದುಗಡೆ ಯಾರೋ ಕಿಸಕ್ಕೆಂದರು. ಆಮೇಲೆ ಮೆಲ್ಲಗೆ ಇನ್ನೊಂದು ಸದ್ದು ಎದ್ದಿತು. ಏಳುನೂರನ್ನು ಇಪ್ಪತ್ತು ಜನಕ್ಕೆ ಭಾಗಿಸುವ ಸದ್ದು. ತಲೆಗೆ ಮೂವತ್ತೈದು. ಬಾಯಿ ಕಟ್ಟಿದ ತಿಂಗಳಲ್ಲಿ ಬರುವುದು ಐದೇ ರೂಪಾಯಿ.

“ನಗ್ರಿ, ನಗ್ರಿ,” ಎಂದಳು ಚಿಕ್ಕಮಾದಮ್ಮ. “ಮೂವತ್ತೈದು ರೂಪಾಯ್ಗೆ ಅಲ್ ಕಿಸೀತಾವ್ರೆ. ಥೂ ನಿಮ್ಮ.” ತನ್ನ ಮೂವತ್ತೈದು ಬೇಡ ಎಂದು ಮಾತ್ರ ಅವಳೂ ಅನ್ನಲಿಲ್ಲ.

ಕರಿಸಿದ್ದಯ್ಯ ಯಾರ ಮುಖವನ್ನೂ ನೋಡದೆ ಪದ್ಧತಿಯ ಮಾತು ಹೇಳಿದ. “ಅಯ್ನೋರೆ, ಅಂಗಡಿ ಯವಾರದೋರಿಗೆ ಸಂಬಳದೋರ ಜಾಮೀನು ಬೇಕು. ಎಂಟು ದಿನದಾಗೆ ರುಜು ಆಕಿಸ್ಕಂಡು ಬನ್ನಿ, ದುಡ್ಡು ತಕಂಡೋಗಿ. ಬರ್ನಿಲ್ಲ ಅಂದ್ರೆ ನಿಮಗಿಂತ ಮುಂಚೆ ಕೂಗ್ದೋರಿಗೆ ಓಯ್ತದೆ.”

“ಜಾಮೀನಿಗೇನು, ಮನೆಯಲ್ಲೇ ಇದೆ,” ಎಂದು ವರದರಾಜ ಎದ್ದ.

ಬಸ್ಸಿನಲ್ಲಿ ಅನ್ವಾರಾ ಇಬ್ಬರ ಟಿಕೆಟ್ಟನ್ನೂ ತಾನೇ ತೆಗೆದುಕೊಂಡಳು. ಆಮೇಲೆ ಕೇಳಿದಳು: “ವರದಣ್ಣಂಗೆ ಏನೋ ಕಷ್ಟ ಬಂದದೆ, ಅಲ್ವಾ ಅಕ್ಕ? ಇಲ್ಲಾಂದ್ರೆ ಅಂಗೆ ಕೂಗೋರಲ್ಲ.”

ಆಂಡಾಳ್ “ಗೊತ್ತಿಲ್ಲ,” ಎಂದಳು. ಅದು ಸುಳ್ಳಾಗಿರಲಿಲ್ಲ.

“ಬುಡು. ನಮ್ಮಪ್ಪಂಗೆ ಬರೀತೀನಿ, ಜಪಾನು ಇಲ್ಲ ಅಂತ,” ಎಂದು ಅನ್ವಾರಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಹುಳಕ್ಕೆ ಸೊಪ್ಪು ಮುಗಿಯಿತು ಅನ್ನುವ ಹಾಗೆ ಅಂದಳು. ಅತ್ತಿದ್ದರೆ ಆಂಡಾಳ್‌ಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮಾರನೆಯ ದಿನ ಸಂಜೆ ಗೋದಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ವರದರಾಜ ಅಂಗಡಿಯಿಂದ ಬಂದವನು ಒಂದು ಹಾಳೆಯನ್ನೂ ಪೆನ್ನನ್ನೂ ತಂಗಿಯ ಮುಂದೆ ಇಟ್ಟ. “ಇಲ್ಲೊಂದು ಸೈನ್ ಹಾಕು. ನಾಳೆ ಹಲಗೂರಿಗೆ ಹೋಗ್ಬೇಕು.”

ದಿನಾ ಕಾಫಿ ಕೇಳುವ ದನಿಯಲ್ಲೇ ಕೇಳಿದ. ಆಂಡಾಳ್ ಹಾಳೆಯನ್ನು ಮುಟ್ಟಲಿಲ್ಲ.

“ನಿನಗೆ ಅಂಥ ಕಷ್ಟ ಏನಿತ್ತು ಅಣ್ಣ?”

“ಕಷ್ಟ ಅಂತ ಯಾರು ಹೇಳಿದ್ರು?”

“ಮತ್ತೆ ಈ ಹಣ ಯಾತಕ್ಕೆ?”

“ಬ್ಯಾಂಕಿನಲ್ಲಿ ಇಡ್ತೀನಿ.”

ಅವಳಿಗೆ ಅರ್ಥವಾಗಲಿಲ್ಲ. ಏಳುನೂರು ಕಳೆದುಕೊಂಡು ಎತ್ತಿದ ಹಣವನ್ನು ಬ್ಯಾಂಕಿನಲ್ಲಿಡುವ ವ್ಯಾಪಾರಿ ಇರುತ್ತಾನೆಯೇ? ಗೋದಮ್ಮನ ಬೆರಳು ಅವರೆಕಾಯಿಯ ಮೇಲೆ ನಿಂತದ್ದನ್ನು ನೋಡಿದ ಮೇಲೆ ಅರ್ಥವಾಗತೊಡಗಿತು.

“ಅಮ್ಮ, ನಿನಗೆ ಗೊತ್ತಿತ್ತಾ?”

ಗೋದಮ್ಮ ಸಿಪ್ಪೆಯನ್ನೂ ಕಾಳನ್ನೂ ಒಂದೇ ಪಾತ್ರೆಗೆ ಹಾಕಿದರು. “ಅವನು ನಿನ್ನ ಒಳ್ಳೇದಕ್ಕೇ ಮಾಡಿದ್ದು. ಆ ಹುಡುಗಿ ಹೋಗ್ತಾಳೆ. ಎಂಟು ತಿಂಗಳು ನಿನ್ನ ಸಂಬಳದಲ್ಲಿ ಇನ್ನೂರು ಇನ್ನೂರು ಹೋಗುತ್ತೆ. ಕಳಿಸ್ತಾಳೆ ಅಂತ ಏನು ಗ್ಯಾರಂಟಿ?”

“ಅಷ್ಟೇ ಅಲ್ಲ,” ಎಂದ ವರದರಾಜ. ಒಮ್ಮೆ ಶುರುವಾದ ಮೇಲೆ ಅವನಿಗೂ ಮುಚ್ಚಿಡುವ ಮನಸ್ಸಿರಲಿಲ್ಲ. “ಇವತ್ತು ಅವಳು ಹೋಗ್ತಾಳೆ. ವರ್ಷ ಕಳೆದ ಮೇಲೆ ಅಕ್ಕ, ನೀನೂ ಬಾ, ಪ್ರೊಫೆಸರು ಒಪ್ಪಿದಾರೆ ಅಂತ ಬರೀತಾಳೆ. ನೀನು ಎಂ.ಎಸ್ಸಿ. ಆಗಿರೋಳು, ಹೊರಟುಬಿಡ್ತೀಯ. ಅಂಗಡಿಗೆ ಬೆಂಗಳೂರಿನ ಕಾಗದದವನು ಸಾಲ ಕೊಡೋದು ಯಾರ ಮುಖ ನೋಡಿ ಅಂತ ತಿಳ್ಕೊಂಡಿದೀಯ? ಮನೆಯಲ್ಲಿ ಸರ್ಕಾರಿ ಸಂಬಳ ಬರುತ್ತೆ ಅಂತ.”

ಜಪಾನಿಗೆ ತಾನೂ ಹೋಗಬಹುದು ಎಂಬ ಯೋಚನೆ ಅದುವರೆಗೆ ಆಂಡಾಳ್‌ಗೆ ಒಂದು ದಿನವೂ ಬಂದಿರಲಿಲ್ಲ. ಅವಳ ಮನಸ್ಸಿನಲ್ಲಿಲ್ಲದ ಬಾಗಿಲನ್ನು ಅಣ್ಣ ಹುಡುಕಿ, ಅದಕ್ಕೆ ಬೀಗ ಹಾಕಿ ಬಂದಿದ್ದ.

“ಒಪ್ಪಲ್ಲ ಅಂತ ಮೊದಲೇ ಅನ್ನಬಹುದಿತ್ತಲ್ಲ?”

“ಅಂದಿದ್ರೆ ನೀನು ಮಾತಾಡೋದು ಬಿಡ್ತಿದ್ದೆ. ಮನೆಯಲ್ಲಿ ಮುಖ ಕೆಡ್ತಿತ್ತು.”

“ಈಗ?”

“ಈಗ ಚೀಟಿ ಕೈ ತಪ್ಪಿತು, ಅಷ್ಟೆ. ಎಲ್ಲರಿಗೂ ಆಗೋದೇ. ಸೈನ್ ಹಾಕು.”

ಆಂಡಾಳ್ ಪೆನ್ನಿನ ಮುಚ್ಚಳ ಹಾಕಿ ಹಾಳೆಯ ಮೇಲಿಟ್ಟು ಅವನ ಕಡೆ ಸರಿಸಿದಳು. “ಹಾಕಲ್ಲ.”

ವರದರಾಜ ನಕ್ಕ. ಅವಳು ಕೂತಲ್ಲೇ ಕೂತಿದ್ದುದನ್ನು ಕಂಡು ನಗು ನಿಲ್ಲಿಸಿದ. “ಏನಂದೆ?”

“ಹಾಕಲ್ಲ ಅಂದೆ.”

“ನಿನ್ನ ಗಂಡ ಸತ್ತಾಗ ಈ ಮನೆ ಬಾಗಿಲು ತೆಗೆದು ಕರ್ಕೊಂಡು ಬಂದೋನು ಅವನು ಕಣೇ,” ಎಂದರು ಗೋದಮ್ಮ. ಅವರ ಕಣ್ಣಲ್ಲಿ ನೀರಿತ್ತು, ನಿಜವಾದ ನೀರೇ.

“ಹೌದಮ್ಮ. ತೆಗೆದದ್ದು ಸಂಬಳಕ್ಕೆ ಅಂತ ನನಗೆ ಗೊತ್ತಿರಲಿಲ್ಲ.”

ಅಲ್ಲ ಎಂದು ಒಂದು ಮಾತು ಬಂದಿದ್ದರೆ ಅವಳು ಬಹುಶಃ ಸೈನ್ ಹಾಕಿಬಿಡುತ್ತಿದ್ದಳು. ಒಲೆಯ ಮೇಲಿನ ಹಾಲು ಉಕ್ಕಿತು, ಗೋದಮ್ಮ ಎದ್ದುಹೋದರು.

ವರದರಾಜ ಆ ವಾರವೆಲ್ಲ ಸಂಬಳದವರ ಮನೆ ಸುತ್ತಿದ. ಪೋಸ್ಟಾಫೀಸಿನ ಶ್ಯಾಮಣ್ಣ ಅವನ ಜೊತೆ ಓದಿದವನು, ಅವನೂ ಹಾಳೆಯನ್ನು ತಿರುಗಿಸಿ ನೋಡಿ, “ಅಲ್ಲಯ್ಯ ವರದ, ತಂಗಿ ಮನೆಯಲ್ಲೇ ಇರೋವಾಗ ನನ್ನ ಹತ್ತಿರ ಯಾಕೆ ಬಂದೆ? ಅವಳೇ ಹಾಕಲಿಲ್ಲ ಅಂದ್ರೆ ನಾನು ಹೇಗೆ ಹಾಕ್ಲಿ?” ಎಂದ. ಮಿಕ್ಕವರದೂ ಅದೇ ಮಾತು. ಬಾಯಿ ಕಟ್ಟಿಸಿ ಕೂಗಿದ ಸಂಗತಿ ಮಳವಳ್ಳಿಗೆ ಅವನಿಗಿಂತ ಮೊದಲೇ ಬಸ್ಸು ಹತ್ತಿ ಬಂದಿತ್ತು.

ಆ ವಾರ ಮನೆಯಲ್ಲಿ ಆಂಡಾಳ್‌ಗೆ ಊಟ ಇತ್ತು, ಮಾತು ಇರಲಿಲ್ಲ. ತಿಂಗಳ ಸಂಬಳದ ಕವರನ್ನು ಅವಳು ಮೊದಲ ಸಲ ತನ್ನ ಟ್ರಂಕಿನಲ್ಲಿ ಇಟ್ಟಳು. ಹೆಡ್‌ಮಿಸ್ ಪಂಕಜಮ್ಮನವರ ಮನೆಯ ಹಿಂದಿನ ಕೋಣೆ ಖಾಲಿ ಇದೆ ಎಂದು ಕೇಳಿ, ಹೋಗಿ ನೋಡಿ ಬಂದಳು. ಕೋಣೆಯ ಕಿಟಕಿ ಗೋಡೆಗೆ ತೆರೆಯುತ್ತಿತ್ತು. ಸಾಕು ಎಂದು ಒಪ್ಪಿದಳು.

ಎಂಟು ದಿನ ತುಂಬಿದ ಮೇಲೆ ಹಲಗೂರಿಗೆ ಹೋದಳು, ಅನ್ವಾರಾಳನ್ನೂ ಕರೆದುಕೊಂಡು. ಆಂಡಾಳ್‌ಗೆ ಬರುತ್ತಿದ್ದುದು ಸರ್ಕಾರಿ ಸಂಬಳ. ಅವಳಿಗೆ ಬೇರೆ ಜಾಮೀನು ಬೇಕಾಗಿರಲಿಲ್ಲ. ಕರಿಸಿದ್ದಯ್ಯ ಮೂರು ಸಾವಿರದ ನಾನೂರನ್ನು ಎಂಜಲು ಹಚ್ಚಿ ಎಣಿಸಿ ಕೊಟ್ಟ. ಅನ್ವಾರಾ ಅದನ್ನು ಮೂಲೆಗೆ ಒಯ್ದು ಮತ್ತೆ ಎಣಿಸತೊಡಗಿದಾಗ ದನಿ ತಗ್ಗಿಸಿ ಆಂಡಾಳ್‌ಗೆ ಹೇಳಿದ: “ಒಳ್ಳೇದಾಯ್ತು ಬುಡಿ ಟೀಚ್ರಮ್ಮ. ಆದ್ರೆ ನಾಕು ಜನ ಗೊಣಗ್ತಾವ್ರೆ. ಮೂವತ್ತೈದು ಇದ್ದದ್ದು ಮೂವತ್ತಾಯ್ತಲ್ಲ ಅಂತ. ಅಣ್ಣ ತಂಗಿ ಜಗಳದಾಗೆ ನಮ್ಗೆ ಐದ್ರೂಪಾಯಿ ಓಯ್ತು ಅಂತಾರೆ.”

“ಅವರಿಗೆ ನೀವು ಏನು ಹೇಳಿದ್ರಿ?”

“ಏನ್ ಏಳಾದು? ನಂದೂ ಐದು ಓಯ್ತಲ್ಲ,” ಎಂದು ಕರಿಸಿದ್ದಯ್ಯ ಹಲ್ಲು ಬಿಟ್ಟ. ಅವನು ಒಳ್ಳೆಯ ಮನುಷ್ಯನೇ.

ಅನ್ವಾರಾ ನೋಟುಗಳನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಹೊರಗೆ ಬಂದಳು. ಬಂದವಳ ಮುಖ ಹೊಳೆಯುತ್ತಿತ್ತು. “ನೋಡು ಅಕ್ಕ, ವರದಣ್ಣ ಬುಟ್ಟುಕೊಟ್ರು. ಕಷ್ಟ ಇದ್ರೂವೆ ನನಗೋಸ್ಕರ ಬುಟ್ಟುಕೊಟ್ರು.”

ಆಂಡಾಳ್ ಬಾಯಿ ತೆರೆದಳು. ಎದುರಿಗಿದ್ದ ಮುಖವನ್ನು ನೋಡಿದಳು. ಈ ಹುಡುಗಿ ತನ್ನ ಹಳ್ಳಿಯಲ್ಲಿ ಯುದ್ಧದಲ್ಲಿ ಸುಟ್ಟ ಮನೆಗಳನ್ನು ಕಂಡು ಬಂದವಳು. ನಂಬುವುದಕ್ಕೆ ಅವಳಿಗೆ ಹೊಸ ನೆಲದಲ್ಲಿ ಒಂದೆರಡು ಮನೆಗಳಾದರೂ ಬೇಕು. ಅವುಗಳಲ್ಲಿ ಇದೂ ಒಂದು ಅಂದುಕೊಂಡಿದ್ದರೆ ಅಂದುಕೊಂಡಿರಲಿ. “ಹ್ಞೂಂ,” ಎಂದಳು.

ಮಾರ್ಚ್ ಹತ್ತರ ಹೊತ್ತಿಗೆ ಅನ್ವಾರಾ ಹೊರಟಳು. ಮದ್ದೂರಿನಿಂದ ಬೆಂಗಳೂರಿನ ರೈಲು, ಅಲ್ಲಿಂದ ಮದ್ರಾಸು, ಕಲ್ಕತ್ತೆ. ಮದ್ದೂರಿನ ಪ್ಲಾಟ್‌ಫಾರ್ಮಿನಲ್ಲಿ ಬಿಸಿಲು ಏರಿತ್ತು. ಕೋಟು ಪೆಟ್ಟಿಗೆಯಲ್ಲಿ ಹಿಡಿಸದೆ ಅವಳು ಅದನ್ನು ತೊಟ್ಟುಕೊಂಡೇ ನಿಂತಿದ್ದಳು, ಬೆವರುತ್ತಾ. ಎಳನೀರು ಮಾರುವವನು ಅವಳನ್ನು ಮೇಲಿಂದ ಕೆಳಗೆ ನೋಡಿ, “ಚಳಿಯಾ ಅಮ್ಮಣ್ಣಿ?” ಎಂದು ಕೇಳಿಹೋದ.

ರೈಲು ಬರುವ ಮೊದಲು ಅವಳು ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದಳು. ಒಳಗಿದ್ದದ್ದು ಕೆನೆಬಣ್ಣದ ರೇಷ್ಮೆಯ ಅಂಗವಸ್ತ್ರ. ತಾನೇ ಸಾಕಿದ ಹುಳದ ಗೂಡು, ತಾನೇ ಬಿಚ್ಚಿದ ನೂಲು. ಮಗ್ಗದವನಿಗೆ ಕೊಟ್ಟು ನೇಯಿಸಿದ್ದು ಎಂದಳು. ಆಂಡಾಳ್ ಕೈ ಚಾಚಿದಳು.

“ನಿಂಗಲ್ಲ ಅಕ್ಕ. ನಿಂಗೆ ಜಪಾನಿಂದ ಕಳಿಸ್ತೀನಿ. ಇದು ವರದಣ್ಣಂಗೆ. ನಾನು ಬದುಕಿರೋಗಂಟ ಮರೆಯಾಕಿಲ್ಲ ಅಂತ ಏಳು.”

“ಹೇಳ್ತೀನಿ.”

ರೈಲು ಹೊರಟಿತು. ಆಂಡಾಳ್ ಪೊಟ್ಟಣವನ್ನು ಕಂಕುಳಲ್ಲಿ ಇಟ್ಟುಕೊಂಡು ಮಳವಳ್ಳಿಯ ಬಸ್ಸು ಹತ್ತಿದಳು. ದಾರಿಯಲ್ಲಿ ಅದನ್ನು ಕಿಟಕಿಯಿಂದ ಎಸೆಯಬಹುದಿತ್ತು, ತಾನೇ ಇಟ್ಟುಕೊಳ್ಳಬಹುದಿತ್ತು. ಮಾತು ಕೊಟ್ಟಾಗಿತ್ತು. ಟ್ರಂಕು ಆಗಲೇ ಪಂಕಜಮ್ಮನವರ ಹಿಂದಿನ ಕೋಣೆಗೆ ಹೋಗಿತ್ತು. ಅವಳು ಅಣ್ಣನ ಮನೆಯ ಹೊಸಿಲಲ್ಲೇ ನಿಂತು ಪೊಟ್ಟಣ ಕೊಟ್ಟು, ಹೇಳಿದ ಮಾತನ್ನು ಹೇಳಿದ ಹಾಗೇ ಹೇಳಿದಳು. ವರದರಾಜ ಬಿಚ್ಚಿ ನೋಡಿದ. ಎರಡು ಬೆರಳಲ್ಲಿ ಬಟ್ಟೆಯನ್ನು ಉಜ್ಜಿದ. “ಒಳ್ಳೆ ನೂಲು,” ಎಂದ. ತಲೆ ಎತ್ತಲಿಲ್ಲ.

ಎರಡು ದಿನ ಕಳೆದು ಚಿಕ್ಕಮಾದಮ್ಮ ಪೇಟೆಯಲ್ಲಿ ಆಂಡಾಳನ್ನು ತಡೆದು ನಿಲ್ಲಿಸಿದಳು.

“ನಿಮ್ಮಣ್ಣನ್ನ ನೋಡಿದ್ರಾ ಟೀಚ್ರಮ್ಮ? ರೇಸ್ಮೆ ವಸ್ತ್ರ ಎಗಲ ಮ್ಯಾಲೆ ಆಕ್ಕಂಡು ಅಂಗಡೀಲಿ ಮದ್ಲಿಂಗನಂಗೆ ಕುಂತವ್ರೆ. ಎಲ್ಲೀದು ಸಾಮಿ ಅಂದೆ. ‘ಬಂಗ್ಲಾದೇಶದ ಹುಡುಗೀನ ಜಪಾನಿಗೆ ಓದೋಕೆ ಕಳಿಸಿದ್ವಿ, ಅವಳು ಕೊಟ್ಟದ್ದು’ ಅಂದ್ರು.”

“ನೀವೇನು ಅಂದ್ರಿ?”

“ನಾನೇನ್ ಅನ್ನಾನವ್ವ? ಅಂಗಡಿ ತುಂಬ ಜನ. ಎಲ್ರೂ ಭೇಸ್ ಭೇಸ್ ಅಂತಿದ್ರು.”

ಆಂಡಾಳ್ ತಲೆಯಾಡಿಸಿ, ಒಂದು ಕಟ್ಟು ದಂಟಿನ ಸೊಪ್ಪು ಕೊಂಡು, ಅಂಗಡಿಯ ಮುಂದಿನ ದಾರಿಯನ್ನು ಬಿಟ್ಟು ಕೆರೆಯ ಕಡೆಯ ದಾರಿ ಹಿಡಿದಳು. ಅದು ಸ್ವಲ್ಪ ಸುತ್ತು. ಅವಳಿಗೆ ಆ ದಾರಿ ಬೇಗ ರೂಢಿಯಾಯಿತು.